ಬೆಳಗಿನ ತನಕ ಕಾಯುವ ದನಿ

(ಜೀವನ್ ಬಿಮಾ ನಗರದಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಬರಹರೂಪ)



ದಿನನಿತ್ಯದ ಬದುಕಿನಲ್ಲಿ ಶೋಧನೆಯ ಮಾತನ್ನು ಬಿಟ್ಟು ದೇವರ ಮಾತಿನ ಹಿಂದೆ ನಡೆಯುವುದು ಹೇಗೆ ಎಂಬುದು ಇವತ್ತಿನ ವಿಷಯ. ಇದರ ಮೇಲೆ ನಾವೆಲ್ಲ ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. ಇನ್ನೊಂದು ಪ್ರಸಂಗ ಮಾಡಲು ನಾನು ಬಂದಿಲ್ಲ. ಒಂದೇ ಒಂದು ಮಾತನ್ನು ತಮ್ಮ ಮುಂದಿಟ್ಟು ಅದಕ್ಕೆ ಸತ್ಯವೇದದಿಂದ, ಸಭೆಯ ಇತಿಹಾಸದಿಂದ, ನಮ್ಮ ಕನ್ನಡ ನಾಡಿನಿಂದ ಕೆಲವು ಆಧಾರ ಕೊಡುತ್ತೇನೆ. ಆ ಮಾತು ಇದು: ಶೋಧನೆಗೆ ಅವಸರ ಬೇಕು, ಗುಟ್ಟು ಬೇಕು. ದೇವರ ದನಿಗೆ ಎರಡೂ ಬೇಡ. ಅದು ಬೆಳಗಿನ ತನಕ ಕಾಯುತ್ತದೆ. ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದರೂ ಕರಗಿಹೋಗುವುದಿಲ್ಲ.

ಮೊದಲು, ಶೋಧನೆ ಎಲ್ಲಿರುತ್ತದೆ? ಹೊರಗೆ ಎಂದು ನಮ್ಮ ಎಣಿಕೆ. ಬಾರು, ಜೂಜು, ಮೊಬೈಲು, ಕೆಟ್ಟ ಸಹವಾಸ ಎಂದು ಪಟ್ಟಿ ಮಾಡಿ ಮಕ್ಕಳಿಗೆ ಎಚ್ಚರಿಕೆ ಹೇಳುತ್ತೇವೆ. ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ಬೆರಳು ತೋರಿಸುವುದು ಒಳಗಡೆಗೆ. ಒಬ್ಬೊಬ್ಬರನ್ನೂ ಸೆಳೆದು ಸಿಕ್ಕಿಸುವುದು ಅವರವರ ಆಸೆಯೇ ಎನ್ನುತ್ತದೆ ಅದು. ಕನ್ನಡಿಗರಿಗೆ ಈ ಮಾತು ಹೊಸದೇನೂ ಅಲ್ಲ. ಹೊನ್ನು, ಹೆಣ್ಣು, ಮಣ್ಣುಗಳನ್ನು ಮಾಯೆ ಎಂದು ದೂರುವವರಿಗೆ ಅಲ್ಲಮಪ್ರಭುಗಳು ಹನ್ನೆರಡನೆಯ ಶತಮಾನದಲ್ಲೇ ಉತ್ತರ ಕೊಟ್ಟು, ದೂರಬೇಕಾದ್ದು ನಿಮ್ಮ ಮನಸ್ಸಿನ ಆಸೆಯನ್ನು ಎಂದಿದ್ದಾರೆ. ವಚನಗಳನ್ನು ಪಕ್ಕದ ಮನೆಯವರ ಆಸ್ತಿ ಎಂದು ಕ್ರೈಸ್ತರಾದ ನಾವು ದೂರ ಇಡುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಪ್ರಾರ್ಥನೆಯ ಭಾಷೆ ಕನ್ನಡವಾದರೆ ಈ ಮಾತುಗಳೂ ನಮ್ಮವೇ.

ಈಗ ನಾವು ಕುಳಿತಿರುವ ಜಾಗಕ್ಕೆ ಬರೋಣ. ಜೀವವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಈ ಬಡಾವಣೆಗೆ ಹೆಸರು ಬಂದಿರುವುದು ಅದರಿಂದ. ಪಕ್ಕದ ಎಚ್‌ಎಎಲ್ ಅದಕ್ಕಿಂತ ಹಳೆಯದು, 1940ರದು. ಸುತ್ತ ತಿಪ್ಪಸಂದ್ರ, ಕೋಡಿಹಳ್ಳಿ, ದೊಮ್ಮಲೂರು, ಇಂದಿರಾನಗರ. ತಿಂಗಳಿಗೊಮ್ಮೆ ಸಂಬಳ ಎಣಿಸಿ, ಪ್ರೀಮಿಯಂ ಕಟ್ಟಿ, ಮನೆಸಾಲದ ಕಂತು ತೀರಿಸಿ, ಉಳಿದದ್ದರಲ್ಲಿ ಮಕ್ಕಳ ಫೀಸು ಹೊಂದಿಸುವ ಜನ ಕಟ್ಟಿದ ಊರು ಇದು. ಇಲ್ಲಿಯ ಕ್ರೈಸ್ತರು ತಮಿಳು, ಮಲಯಾಳ, ಕೊಂಕಣಿ, ತೆಲುಗು, ಇಂಗ್ಲಿಷ್, ಕನ್ನಡ, ಎಲ್ಲದರಲ್ಲೂ ಪ್ರಾರ್ಥಿಸುತ್ತಾರೆ. ಭಾನುವಾರ ಒಬ್ಬರು ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿಗೆ ಹೊರಟರೆ ಇನ್ನೊಬ್ಬರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಕ್ಕೆ ಹೋಗುತ್ತಾರೆ. ಗುರುವಾರವಾದರೆ ವಿವೇಕನಗರದ ಬಾಲಯೇಸುವಿನ ಹತ್ತಿರ ನಿಲ್ಲಲು ಜಾಗ ಇರುವುದಿಲ್ಲ.

ಇಂಥ ಜನರ ಹತ್ತಿರ ಶೋಧನೆ ಲೆಕ್ಕಾಚಾರದ ರೂಪದಲ್ಲಿ ಬರುತ್ತದೆ. ಒಂದು ಉದಾಹರಣೆ ತಮ್ಮೆಲ್ಲರಿಗೂ ಗೊತ್ತಿರುವಂಥದ್ದು. ಮನೆಯನ್ನೋ ಸೈಟನ್ನೋ ಕೊಳ್ಳುವಾಗ, ಮಾರುವಾಗ, ಕ್ರಯಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ದರದಷ್ಟೇ ಬರೆಸಿ ಉಳಿದ ಹಣವನ್ನು ನಗದಾಗಿ ಕೈಬದಲಾಯಿಸುವ ರೂಢಿ ಈ ನಗರದಲ್ಲಿದೆ. ಮುದ್ರಾಂಕ ಶುಲ್ಕ ಉಳಿಯುತ್ತದೆ, ತೆರಿಗೆ ಉಳಿಯುತ್ತದೆ. ದಲ್ಲಾಳಿ ಏನು ಹೇಳುತ್ತಾನೆ? "ನಾಳೆ ಬೆಳಿಗ್ಗೆಯೊಳಗೆ ಹೇಳಿಬಿಡಿ ಸಾರ್, ಇನ್ನೊಂದು ಪಾರ್ಟಿ ಕಾಯ್ತಾ ಇದೆ." ಜೊತೆಗೆ ದನಿ ತಗ್ಗಿಸಿ, "ಈ ನಗದಿನ ವಿಷಯ ನಮ್ಮಿಬ್ಬರಲ್ಲೇ ಇರಲಿ" ಎನ್ನುತ್ತಾನೆ. ಅವಸರವೂ ಗುಟ್ಟೂ ಒಂದೇ ಉಸಿರಿನಲ್ಲಿ ಬಂದುಬಿಟ್ಟವು. ಇದನ್ನು ಒಪ್ಪಿಕೊಳ್ಳುವವರು ದುಷ್ಟರೇನಲ್ಲ. ಅವರು ಮಗಳ ಓದಿನ ಬಗ್ಗೆ, ಅಪ್ಪನ ಆಪರೇಷನ್ ಬಗ್ಗೆ ಯೋಚಿಸುತ್ತಿರುತ್ತಾರೆ. ಶೋಧನೆಯ ಬಲ ಇರುವುದೇ ಅಲ್ಲಿ. ಅದು ನಮ್ಮ ಪ್ರೀತಿಯನ್ನೇ ವಕೀಲನನ್ನಾಗಿ ಇಟ್ಟುಕೊಂಡು ವಾದ ಮಾಡುತ್ತದೆ.

ಅವಸರ, ಗುಟ್ಟು ಎಂಬ ಮನುಷ್ಯನ ಮನಸ್ಸಿನ ಈ ಎರಡು ಬಾಗಿಲುಗಳು ಮೋಸಗಾರರಿಗೆ ಚೆನ್ನಾಗಿ ಗೊತ್ತು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಎಷ್ಟೋ ಮನೆಗಳನ್ನು ಹಾಳು ಮಾಡಿರುವ "ಡಿಜಿಟಲ್ ಅರೆಸ್ಟ್" ನೋಡಿ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡುವವನು ಮೊದಲು ಹೇಳುವುದು ಎರಡೇ ಮಾತು: ಈಗಲೇ ಹಣ ಕಳಿಸಬೇಕು, ಮನೆಯಲ್ಲಿ ಯಾರಿಗೂ ಹೇಳಕೂಡದು. ಹೆಂಡತಿಗೋ ಮಗನಿಗೋ ಒಂದು ಮಾತು ಹೇಳಿದರೆ ಆ ಇಡೀ ನಾಟಕ ಐದು ನಿಮಿಷದಲ್ಲಿ ಬಿದ್ದುಹೋಗುತ್ತದೆ. ಅದಕ್ಕೇ ಅವರು ಕರೆಯನ್ನು ಕತ್ತರಿಸಲು ಬಿಡುವುದಿಲ್ಲ. ಇಂಥ ಕರೆ ಬಂದರೆ ಕೂಡಲೇ 1930 ಸಹಾಯವಾಣಿಗೆ ದೂರು ಕೊಡಿ ಎಂಬುದನ್ನು ಈ ವೇದಿಕೆಯಿಂದಲೂ ಹೇಳಿಬಿಡುತ್ತೇನೆ. ಅಲ್ಲಿ ಹೆದರಿಕೆ ಮಾಡುವ ಕೆಲಸವನ್ನು ನಮ್ಮ ದಿನದ ಶೋಧನೆಗಳಲ್ಲಿ ಆಸೆ ಮಾಡುತ್ತದೆ. ದಾರಿ ಒಂದೇ.

ಇದನ್ನಿಟ್ಟುಕೊಂಡು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯಕ್ಕೆ ಹೋದರೆ ಹಳೆಯ ಕಥೆ ಹತ್ತಿರ ಬರುತ್ತದೆ. ನಲವತ್ತು ದಿನದ ಉಪವಾಸ ಮುಗಿದು ಹಸಿದಿದ್ದ ಯೇಸುಸ್ವಾಮಿಯ ಮುಂದೆ ಮೂರು ಮಾತು ಬರುತ್ತವೆ: ಕಲ್ಲನ್ನು ರೊಟ್ಟಿ ಮಾಡಿಕೋ, ದೇವಾಲಯದ ತುದಿಯಿಂದ ಧುಮುಕು, ನನಗೆ ಅಡ್ಡಬಿದ್ದು ಲೋಕದ ರಾಜ್ಯಗಳನ್ನೆಲ್ಲ ತೆಗೆದುಕೋ. ಮೊದಲೆರಡರಲ್ಲಿ ಮೇಲುನೋಟಕ್ಕೆ ಪಾಪವೇನೂ ಕಾಣುವುದಿಲ್ಲ. ಹಸಿದವನು ಉಣ್ಣುವುದು ತಪ್ಪೇ? ಮುಂದೆ ಅದೇ ಯೇಸು ಐದು ಸಾವಿರ ಜನಕ್ಕೆ ರೊಟ್ಟಿ ಕೊಡುತ್ತಾರೆ. ಮೂರನೆಯದರ ಬೆಲೆ ಭಯಂಕರವಾದದ್ದು, ಆದರೆ ತೋರಿಸಿದ ವಸ್ತು ಅವರದ್ದೇ. ಪರಲೋಕದಲ್ಲೂ ಭೂಲೋಕದಲ್ಲೂ ಎಲ್ಲ ಅಧಿಕಾರ ತನಗೆ ಕೊಡಲ್ಪಟ್ಟಿದೆ ಎಂದು ಅವರು ಹೇಳುವುದನ್ನು ಅದೇ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಓದುತ್ತೇವೆ. ಹಾಗಾದರೆ ಸೈತಾನ ಕೊಡಲು ಬಂದದ್ದು ಏನು? ಅವರಿಗೆ ಹೇಗೂ ಬರಲಿದ್ದುದನ್ನೇ ಶಿಲುಬೆ ಇಲ್ಲದೆ, ಸಮಯಕ್ಕೆ ಮೊದಲು, ಯಾರೂ ನೋಡದ ಕಡೆ ಕೊಡುತ್ತೇನೆಂದ. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ. ಪ್ರಮೋಷನ್ ಒಳ್ಳೆಯದು, ಮದುವೆ ಒಳ್ಳೆಯದು, ಸ್ವಂತ ಮನೆ ಒಳ್ಳೆಯದು. ಕೆಡುವುದು ಅದನ್ನು ತಲುಪುವ ದಾರಿಯಲ್ಲಿ.

ಎರಡನೆಯ ಶೋಧನೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ನನ್ನನ್ನು ಹೆಚ್ಚು ಹೆದರಿಸುವುದು ಅದೇ. ಸೈತಾನ ಅಲ್ಲಿ ಸತ್ಯವೇದವನ್ನೇ ಹೇಳುತ್ತಾನೆ. ದೂತರು ಬಂದು ಕೈಯಲ್ಲಿ ಎತ್ತಿಕೊಳ್ಳುತ್ತಾರೆಂಬ ತೊಂಬತ್ತೊಂದನೆಯ ಕೀರ್ತನೆಯ ಮಾತನ್ನು ಕಂಠಪಾಠ ಒಪ್ಪಿಸುತ್ತಾನೆ. ನಮ್ಮ ಮನೆಗಳ ಗೋಡೆಯ ಮೇಲೆ, ಆಟೋಗಳ ಹಿಂದೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಇರುವ ಕೀರ್ತನೆ ಅದು. ಒಂದು ಮಾತು ಬೈಬಲಿನಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಹೇಳುತ್ತಿರುವ ದನಿ ದೇವರದ್ದು ಆಗಿಬಿಡುವುದಿಲ್ಲ. ಯೇಸುಸ್ವಾಮಿ ಮೂರು ಸಲವೂ ಧರ್ಮೋಪದೇಶಕಾಂಡದ ಆರನೆಯ ಮತ್ತು ಎಂಟನೆಯ ಅಧ್ಯಾಯಗಳಿಂದ ಉತ್ತರ ಕೊಟ್ಟರು. ಇಸ್ರಾಯೇಲರು ಅರಣ್ಯದಲ್ಲಿ ಹಸಿದು, ಗೊಣಗಿ, ಕಲಿತ ಪಾಠಗಳು ಇರುವ ಜಾಗ ಅದು. ಒಂದು ಜನಾಂಗ ನಲವತ್ತು ವರ್ಷ ನಡೆದು ಕಲಿತದ್ದನ್ನು ಅವರು ಬಾಲ್ಯದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆ ದಿನ ಹೊಸದಾಗಿ ಯಾವ ದರ್ಶನವನ್ನೂ ಕೇಳಲಿಲ್ಲ.

ಈ ದಾರಿಯನ್ನು ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಮುಂದುವರಿಸಿದರು. ಅವರಲ್ಲಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬವನು ಮನುಷ್ಯನನ್ನು ಕಾಡುವ ಆಲೋಚನೆಗಳನ್ನು ಎಂಟು ಬಗೆ ಮಾಡಿ, ಒಂದೊಂದಕ್ಕೂ ಎದುರು ಹೇಳಬೇಕಾದ ವೇದವಾಕ್ಯಗಳನ್ನು ಜೋಡಿಸಿ ಪುಸ್ತಕ ಮಾಡಿದ. ಅವನು ಎಲ್ಲಕ್ಕಿಂತ ಭಾರವಾದದ್ದು ಎಂದು ಹೇಳಿದ್ದು ಯಾವುದನ್ನು ಗೊತ್ತೇ? ಕಾಮವನ್ನೂ ಕೋಪವನ್ನೂ ಅಲ್ಲ. ಮಧ್ಯಾಹ್ನದ ಬೇಸರವನ್ನು. ಸೂರ್ಯ ನಿಂತುಬಿಟ್ಟಂತೆ ತೋರುವ ಹೊತ್ತಿನಲ್ಲಿ ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಾನೆ, ಈ ಜಾಗ ಬಿಟ್ಟು ಬೇರೆ ಕಡೆ ಹೋದರೆ ದೇವರು ಸಿಗಬಹುದೆಂದು ಅನ್ನಿಸತೊಡಗುತ್ತದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಯಾವುದಾದರೂ ಕಚೇರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಫೋನನ್ನು ಕೈಗೆ ತೆಗೆದುಕೊಳ್ಳುವ ಯುವಕ, ಯುವತಿ ಇದನ್ನು ಚೆನ್ನಾಗಿ ಬಲ್ಲರು. ಜೂಜಿನ ಆ್ಯಪು, ನೋಡಬಾರದ ವಿಡಿಯೊ, ಇನ್ನೊಬ್ಬರ ಸಂಸಾರದ ಮೇಲೆ ಆಸೆ, ಇವೆಲ್ಲಕ್ಕೂ ಬಾಗಿಲು ತೆರೆಯುವುದು ಬೇಸರವೇ. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಅದು ಒಳ್ಳೆಯ ಕೆಲಸ ಎಂಬುದು ನನ್ನ ಅಭಿಪ್ರಾಯ. ಆದರೆ ಮಧ್ಯಾಹ್ನದ ಬೇಸರವನ್ನು ಯಾವ ಸಂಸತ್ತೂ ನಿಷೇಧಿಸಲಾರದು. ಆ ಹೊತ್ತಿಗೆ ಎದ್ದು ಹೋಗಿ ಮಾತಾಡಿಸಲು ಒಬ್ಬ ಮನುಷ್ಯ ಬೇಕು.

ಹೀಗೆ ಹೇಳುತ್ತಾ ನಾನು ಮುಖ್ಯ ಕಥೆಯ ಹತ್ತಿರ ಬಂದೆ. ಅದು ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯ.

ಭಾನುವಾರ ಶಾಲೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಹುಡುಗ ಮಲಗಿದ್ದ, ದೇವರು ಕರೆದರು, ಹುಡುಗ ಓಗೊಟ್ಟ, ನೀವೂ ಹಾಗೆ ಓಗೊಡಿ. ಕಥೆ ಅಷ್ಟು ಸುಲಭವಾಗಿಲ್ಲ. ಆ ಕಾಲದಲ್ಲಿ ದೇವರ ಮಾತು ಅಪರೂಪವಾಗಿತ್ತೆಂದು ಅಧ್ಯಾಯ ಮೊದಲಲ್ಲೇ ಹೇಳುತ್ತದೆ. ಶೀಲೋವಿನ ಗುಡಿಯ ಯಾಜಕ ಏಲಿಗೆ ವಯಸ್ಸಾಗಿ ಕಣ್ಣು ಮಂಜಾಗಿವೆ. ಅವನ ಇಬ್ಬರು ಗಂಡುಮಕ್ಕಳು ಬಲಿಯ ಮಾಂಸವನ್ನು ಕಸಿದು ತಿನ್ನುವವರು, ಗುಡಿಗೆ ಬರುವ ಹೆಂಗಸರನ್ನು ಕೆಡಿಸುವವರು. ಅಪ್ಪ ಬೈದ, ತಡೆಯಲಿಲ್ಲ. ಇಂಥ ಮನೆಯಲ್ಲಿ ಹುಡುಗ ಮಲಗಿದ್ದಾಗ ದನಿ ಬರುತ್ತದೆ. ಅದು ಎಷ್ಟು ಸಹಜವಾಗಿ ಕೇಳಿಸಿತೆಂದರೆ, ಮುದುಕ ಕರೆದ ಎಂದುಕೊಂಡು ಹುಡುಗ ಓಡುತ್ತಾನೆ. ಹಾಗೆ ಮೂರು ಸಲ ಓಡುತ್ತಾನೆ. ಗುಡುಗಿಲ್ಲ, ಮಿಂಚಿಲ್ಲ, ಮೈಮೇಲೆ ಬರುವುದಿಲ್ಲ. ಪಕ್ಕದ ಕೋಣೆಯ ಪರಿಚಿತ ಮನುಷ್ಯನ ದನಿ ಎಂದು ತಪ್ಪು ತಿಳಿಯುವಷ್ಟು ಸಾಧಾರಣ ದನಿ.

ಆ ದನಿಯನ್ನು ಗುರುತಿಸಿದವನು ಯಾರು? ಸಮುವೇಲ ಅಲ್ಲ. ಸೋತ ಯಾಜಕ, ಸೋತ ಅಪ್ಪ, ಕಣ್ಣು ಕಾಣದ ಏಲಿ. ಮೂರನೆಯ ಸಲ ಹುಡುಗ ಬಂದು ನಿಂತಾಗ ಅವನಿಗೆ ಹೊಳೆಯುತ್ತದೆ, ಇದು ಕರ್ತನ ಕರೆ. ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಹೇಳು ಎಂದು ಕಳಿಸುತ್ತಾನೆ. ದೇವರು ಏಲಿಗೆ ನೇರವಾಗಿ ಏನೂ ಹೇಳಲಿಲ್ಲ. ಹುಡುಗನಿಗೆ ಹೇಳಿದರು. ಆದರೆ ಏಲಿಯ ನೆರವಿಲ್ಲದೆ ಹುಡುಗನಿಗೆ ಅದು ದಕ್ಕಲಿಲ್ಲ. ಒಬ್ಬನಿಗೆ ಕಿವಿ ಇತ್ತು, ಇನ್ನೊಬ್ಬನಿಗೆ ಅನುಭವ ಇತ್ತು. ದೇವರ ದನಿಯನ್ನು ಗುರುತಿಸುವುದು ಒಬ್ಬಂಟಿಯ ಕೆಲಸವೇ ಆಗಿದ್ದರೆ ಆ ರಾತ್ರಿ ಹುಡುಗನನ್ನು ಮೂರು ಸಲ ಓಡಾಡಿಸುವ ಅಗತ್ಯ ಏನಿತ್ತು?

ಇನ್ನೂ ಮುಂದೆ ಓದಿ. ದನಿ ಹೇಳಿದ ಸಂದೇಶ ಏಲಿಯ ಮನೆತನದ ನಾಶದ್ದು. ಹುಡುಗ ಏನು ಮಾಡಿದ? ಎದ್ದು ಓಡಲಿಲ್ಲ. ಬೆಳಗಾಗುವವರೆಗೂ ಮಲಗಿದ್ದು, ಎದ್ದು ಎಂದಿನಂತೆ ಗುಡಿಯ ಬಾಗಿಲುಗಳನ್ನು ತೆರೆದ. ಏಲಿಗೆ ಹೇಳಲು ಹೆದರಿದ. ಏಲಿಯೇ ಕರೆದು, ಮುಚ್ಚಿಡಬೇಡ, ಎಲ್ಲವನ್ನೂ ಹೇಳು ಎಂದು ಒತ್ತಾಯ ಮಾಡಿದ. ಕೇಳಿದ ಮೇಲೆ, ಆತನು ಕರ್ತನು, ತನಗೆ ಸರಿ ಕಂಡಂತೆ ಮಾಡಲಿ ಎಂದು ತಲೆಬಾಗಿದ. ತನ್ನ ವಿರುದ್ಧವೇ ಬಂದ ಮಾತನ್ನು ಕೇಳಿಸಿಕೊಳ್ಳಲು ಒಂದು ಮಗುವಿಗೆ ನೆರವಾದ ಹಿರಿಯ. ಏಲಿಯನ್ನು ನಾವು ಪ್ರಸಂಗಗಳಲ್ಲಿ ಕೆಟ್ಟ ತಂದೆಯ ಉದಾಹರಣೆಯಾಗಿ ಮಾತ್ರ ಬಳಸಿಕೊಂಡಿದ್ದೇವೆ. ನನಗೆ ಈ ಒಂದು ಬೆಳಗಿನ ಏಲಿ ನಮ್ಮ ಎಲ್ಲ ಸಭೆಗಳಲ್ಲೂ ಒಬ್ಬೊಬ್ಬ ಬೇಕು ಅನ್ನಿಸುತ್ತದೆ. ಅವನಲ್ಲಿ ದೋಷಗಳಿರಲಿ. ದೋಷವಿಲ್ಲದ ಹಿರಿಯನನ್ನು ಹುಡುಕುತ್ತಾ ಕೂತರೆ ನಮ್ಮ ಮಕ್ಕಳು ಒಬ್ಬಂಟಿಯಾಗಿ ಕತ್ತಲಲ್ಲೇ ಓಡಾಡುತ್ತಿರುತ್ತಾರೆ.

ಗುಟ್ಟಿನ ಬಗ್ಗೆ ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವರು ಇಗ್ನೇಷಿಯಸ್ ಲೊಯೊಲ. 1521ರಲ್ಲಿ ಪಂಪ್ಲೋನಾ ಕೋಟೆಯಲ್ಲಿ ಗುಂಡೇಟಿನಿಂದ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಈ ಸೈನಿಕ, ತನ್ನ ಮನಸ್ಸಿನಲ್ಲಿ ಏಳುವ ಕನಸುಗಳನ್ನೇ ಗಮನಿಸಿದ. ರಾಜಸಭೆಯ ಕನಸು ಕಾಣುವಾಗ ಸುಖ, ಆಮೇಲೆ ಒಣಗಿದ ಮನಸ್ಸು. ಸಂತರಂತೆ ಬದುಕುವ ಕನಸು ಕಂಡರೆ ಆಗಲೂ ಸುಖ, ಆಮೇಲೂ ನೆಮ್ಮದಿ. ಮುಂದೆ 1548ರಲ್ಲಿ ಅಚ್ಚಾದ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಈ ಅನುಭವ ನಿಯಮಗಳಾಗಿ ನಿಂತಿತು. ಶತ್ರುವಿಗೆ ತನ್ನ ಮಾತು ಬಯಲಾಗುವುದೇ ಸಹಿಸದು, ಒಬ್ಬ ತಿಳಿದ ಗುರುವಿಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು ಎಂಬುದು ಅದರಲ್ಲಿ ಒಂದು. ಮನಸ್ಸು ಕುಗ್ಗಿರುವಾಗ ಹಳೆಯ ತೀರ್ಮಾನವನ್ನು ಬದಲಿಸಬೇಡ ಎಂಬುದು ಇನ್ನೊಂದು. ಈ ಎರಡನೆಯದನ್ನು ನಮ್ಮ ಯುವಜನ ಬರೆದಿಟ್ಟುಕೊಳ್ಳಬೇಕು. ರಾತ್ರಿ ಹನ್ನೊಂದರ ಮೇಲೆ ಬಂದ ಹತಾಶೆಯಲ್ಲಿ ಕೆಲಸಕ್ಕೆ ರಾಜೀನಾಮೆ ಬರೆಯುವುದು, ಮದುವೆ ಮುರಿಯುವ ಸಂದೇಶ ಕಳಿಸುವುದು, ಸಾಲದ ಆ್ಯಪಿನಲ್ಲಿ ಬೆರಳೊತ್ತುವುದು, ಇವು ಬೆಳಗಾದ ಮೇಲೆ ಮಾಡಿದರೂ ನಡೆಯುತ್ತದೆ.

ನಿಜವಾದ ಕರೆ ಕಾಯುತ್ತದೆ ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಮದರ್ ತೆರೇಸಾ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಾನ್ವೆಂಟ್ ಬಿಟ್ಟು ಬಡವರ ನಡುವೆ ಇರು ಎಂಬ ಕರೆ ಅವರಿಗೆ ಬಂತು. ಕೂಡಲೇ ಇಳಿದು ಹೊರಟರೇ? ಇಲ್ಲ. ತಮ್ಮ ಗುರುಗಳಿಗೆ ಹೇಳಿದರು, ಕಲ್ಕತ್ತೆಯ ಆರ್ಚ್‌ಬಿಷಪ್ ಪೆರಿಯೆ ಅವರಿಗೆ ಬರೆದರು. ಅವರು ಅವಸರ ಮಾಡದೆ ಪರೀಕ್ಷಿಸಿದರು, ಕಾಯಿಸಿದರು. ತೆರೇಸಾ ಲೊರೆಟೊ ಕಾನ್ವೆಂಟಿನ ಬಾಗಿಲು ದಾಟಿದ್ದು 1948ರ ಆಗಸ್ಟ್ 17ರಂದು. ಹೆಚ್ಚುಕಡಿಮೆ ಎರಡು ವರ್ಷ ಕಾದರೂ ಆ ಕರೆ ಸವೆಯಲಿಲ್ಲ. ಆಮೇಲಿನದು ಇನ್ನೂ ಕಠಿಣ. 2007ರಲ್ಲಿ ಹೊರಬಂದ ಅವರ ಪತ್ರಗಳಿಂದ ನಮಗೆ ತಿಳಿದದ್ದು, ಕೆಲಸ ಶುರುವಾದಂದಿನಿಂದ 1997ರಲ್ಲಿ ತೀರಿಕೊಳ್ಳುವವರೆಗೆ ಬಹುಪಾಲು ಅವರ ಒಳಗೆ ದೇವರು ಮೌನವಾಗಿದ್ದರು ಎಂದು. ಒಮ್ಮೆ ಕೇಳಿದ ಮಾತನ್ನು ನೆಚ್ಚಿಕೊಂಡು ಅರ್ಧ ಶತಮಾನ ದುಡಿದರು. ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ, ದೇವರು ನನ್ನನ್ನು ಬಿಟ್ಟಿದ್ದಾರೆ ಎಂದು ನೊಂದುಕೊಳ್ಳುವ ತಾಯಂದಿರು ಈ ಸಭೆಯಲ್ಲಿದ್ದರೆ ಅವರಿಗೆ ಇದು ಗೊತ್ತಿರಲಿ. ಬೆಳಿಗ್ಗೆ ಎದ್ದು ಅತ್ತೆಯ ಡಯಾಪರ್ ಬದಲಿಸಿ ಬಸ್ಸು ಹಿಡಿಯುವ ನಿಮ್ಮ ದಿನವೂ ಓಗೊಡುವಿಕೆಯೇ.

ಇಲ್ಲಿ ತಮ್ಮಲ್ಲಿ ಕೆಲವರು ನನ್ನನ್ನು ತಡೆದು ಕೇಳಬಹುದು: ಕಾಯುವುದೇ ಧರ್ಮವಾದರೆ ಯೋಸೇಫನು ಪೋಟೀಫರನ ಹೆಂಡತಿಯ ಕೈಯಲ್ಲಿ ಬಟ್ಟೆ ಬಿಟ್ಟು ಓಡಿದ್ದೇಕೆ? ಒಳ್ಳೆಯ ಪ್ರಶ್ನೆ. ಗೊತ್ತಿರುವ ಕೆಟ್ಟದ್ದನ್ನು ಬಿಟ್ಟು ಓಡಲು ಯಾರ ಸಲಹೆಯೂ ಬೇಡ. ಬಾಗಿಲ ಮುಂದೆ ಬಿದ್ದಿರುವವನನ್ನು ಎತ್ತಲೂ ಬೇಡ. ಕಾಯಬೇಕಾದ್ದು ದೇವರು ನನಗೇ ಹೀಗೆ ಹೇಳಿದ್ದಾರೆ ಎಂಬ ನಮ್ಮ ಖಾಸಗಿ ನಂಬಿಕೆ. ಪಕ್ಕದವರ ಸಂಕಟ ಕಾಯಬಾರದು.

ನಮ್ಮಲ್ಲಿ ಕಾಯಿಲೆ ಜೋರಾದರೆ ಗಂಟುಮೂಟೆ ಕಟ್ಟಿಕೊಂಡು ವೆಲ್ಲೂರಿನ ರೈಲು ಹತ್ತುತ್ತೇವೆ. ಅಲ್ಲಿಯ ಕ್ರೈಸ್ತ ಆಸ್ಪತ್ರೆಯ ಮೂಲದಲ್ಲಿ ಪಕ್ಕದವರ ಸಂಕಟವೇ ಕರೆಯಾದ ಒಂದು ರಾತ್ರಿ ಇದೆ. 1890ರ ದಶಕದ ಆರಂಭ. ಮಿಷನರಿ ಮನೆತನದ ಹುಡುಗಿ ಐಡಾ ಸ್ಕಡರ್ ತಿಂಡಿವನದಲ್ಲಿ ತಂದೆತಾಯಿಯ ಹತ್ತಿರ ಬಂದಿದ್ದಳು. ಅಪ್ಪ ಅಜ್ಜನಂತೆ ಇಲ್ಲಿ ಉಳಿಯುವ ಮನಸ್ಸು ಅವಳಿಗಿರಲಿಲ್ಲ, ಅಮೆರಿಕಕ್ಕೆ ಹಿಂತಿರುಗಿ ಸುಖವಾಗಿ ಸಂಸಾರ ಮಾಡುವ ಆಸೆ. ಒಂದೇ ರಾತ್ರಿ ಮೂರು ಮನೆಯ ಗಂಡಸರು, ಇಬ್ಬರು ಮೇಲುಜಾತಿಯ ಹಿಂದೂಗಳು, ಒಬ್ಬರು ಮುಸ್ಲಿಮರು, ಒಬ್ಬರಾದ ಮೇಲೆ ಒಬ್ಬರು ಬಂದು ಬಾಗಿಲು ಬಡಿದರು. ಹೆರಿಗೆಯ ನೋವಿನಲ್ಲಿರುವ ಹೆಂಡತಿಯನ್ನು ನೋಡಲು ಹೆಂಗಸೇ ಬೇಕು. ಅವಳ ತಂದೆ ವೈದ್ಯರಾಗಿದ್ದರೂ ಗಂಡಸಾದ್ದರಿಂದ ಅವರು ಬೇಡ. ಅವಳಿಗೋ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋದಳು, ಆದರೆ 1899ರಲ್ಲಿ ವೈದ್ಯಪದವಿ ಪಡೆದು 1900ರಲ್ಲಿ ಹಿಂತಿರುಗಿದಳು. 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದಳು. ಸಮುವೇಲನಿಗೆ ಮೂರು ಸಲ ಕೇಳಿಸಿದ್ದು ಹೆಸರು ಹಿಡಿದ ಕರೆ. ಐಡಾಳಿಗೆ ಮೂರು ಸಲ ಕೇಳಿಸಿದ್ದು ಬೇರೆ ಧರ್ಮದ ನೆರೆಯವರು ಬಾಗಿಲು ಬಡಿದ ಸದ್ದು. ದೇವರು ಚರ್ಚಿನ ಒಳಗಿನವರ ಬಾಯಿಂದಲೇ ಮಾತಾಡಬೇಕೆಂಬ ನಿಯಮವೇನಿಲ್ಲ.

ಕನ್ನಡ ನಾಡಿನ ಒಂದು ಅನುಭವವನ್ನು ಹೇಳದೆ ಈ ಉಪನ್ಯಾಸ ಪೂರ್ತಿಯಾಗದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿದರು. ಮನೆ, ಕುಲ, ಬಂಧುಬಳಗ ಬಿಟ್ಟುಬಂದ ಅಂಥವರನ್ನು ನಾವು ಹಾಡಿ ಹೊಗಳುತ್ತೇವೆ. ಮನೆಯವರ ಕಣ್ಣೀರನ್ನು ಶೋಧನೆ ಎಂದು ಕರೆಯಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ತಾಯಿಯ ದುಃಖದಲ್ಲಿ ಸೈತಾನನನ್ನು ಕಾಣುವವರು ಪ್ರೀತಿಯನ್ನು ತಿಳಿದವರಲ್ಲ. ಓಗೊಡುವುದಕ್ಕೆ ನಿಜವಾದ ಬೆಲೆ ಇದೆ, ಅದನ್ನು ತೆತ್ತವರ ಜೊತೆಗೆ ಅವರನ್ನು ಕಳೆದುಕೊಂಡವರೂ ತೆತ್ತಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಬಾಸೆಲ್ ಮಿಷನ್ನಿನವರು ಒಂದು ವಿಷಯ ಬೇಗ ಅರ್ಥ ಮಾಡಿಕೊಂಡರು. ಸಭೆಗೆ ಸೇರಿದವರು ಜಾತಿಯ ಜೊತೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಗೇಣಿಯ ಹೊಲ ಹೋಗುತ್ತಿತ್ತು, ಕೂಲಿಗೆ ಕರೆಯುವವರು ಇರುತ್ತಿರಲಿಲ್ಲ. ಬರೀ ದೇವರ ಮಾತನ್ನು ನಂಬಿ ಎಂದು ಹೇಳಿ ಕಳಿಸಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು? ಅಚ್ಚುಕೂಟ, ನೇಯ್ಗೆಯ ಮಗ್ಗಗಳು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಕಾರಣವೂ ಇದೆ. ಇಂದು ನಾವು ಮಂಗಳೂರು ಹಂಚು ಎನ್ನುವುದು ಒಂದು ಸಭೆ ತನ್ನವರ ಅನ್ನದ ಹೊಣೆ ಹೊತ್ತ ನೆನಪೂ ಹೌದು. ಅದರಿಂದ ಮಿಷನ್ನಿನ ಮೇಲೆ ಅವಲಂಬನೆಯೂ ಬೆಳೆಯಿತು, ಧಣಿ ಮತ್ತು ಆಳಿನ ಸಂಬಂಧವೂ ಸಭೆಯೊಳಗೆ ಬಂತು. ಅದೂ ಇತಿಹಾಸವೇ. ಆದರೂ ಮೂಲದ ತಿಳಿವಳಿಕೆ ಸರಿಯಾಗಿತ್ತು. ಲಂಚ ಮುಟ್ಟುವುದಿಲ್ಲ ಎಂದು ಕೆಲಸ ಕಳೆದುಕೊಂಡ ಸದಸ್ಯನಿಗೆ ಆರು ತಿಂಗಳು ಬಾಡಿಗೆ ಕಟ್ಟದ ಸಭೆಗೆ ಪ್ರಾಮಾಣಿಕತೆಯ ಮೇಲೆ ಪ್ರಸಂಗ ಮಾಡು ಎಂದು ಯಾರು ಹೇಳಿದರು? ವರದಕ್ಷಿಣೆ 1961ರಿಂದ ಕಾನೂನುಬಾಹಿರ. ಅದನ್ನು ಕೇಳಿದ ವರನ ಮನೆಗೆ ಹೋಗಿ ಮದುವೆ ಮಾಡಿಸುವ ಸಭೆ, ಕೊಡಲಾರದ ಅಪ್ಪನಿಗೆ ಪ್ರಾರ್ಥಿಸು ಎಂದು ಹೇಳುವ ಸಭೆ, ಶೋಧನೆಯ ಪಾಲುದಾರನೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕರ್ತನು ನನಗೆ ಹೇಳಿದನು ಎಂದು ಶುರುವಾಗುವ ಮಾತು ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಹೆಚ್ಚಾಗಿದೆ. ಇಂಥ ಹುಡುಗನನ್ನು ಮದುವೆಯಾಗು, ಇಷ್ಟು ಹಣ ಕೊಡು, ಮಾತ್ರೆ ಬಿಡು, ಗಂಡ ಹೊಡೆದರೂ ಸಹಿಸಿಕೋ ಎಂದು ದೇವರ ಹೆಸರಿನಲ್ಲಿ ಅಪ್ಪಣೆ ಕೊಡುವವರಿದ್ದಾರೆ. ಯೋಹಾನನ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯ, ಎಲ್ಲ ಆತ್ಮಗಳನ್ನೂ ನಂಬದೆ ಪರೀಕ್ಷಿಸಿ ನೋಡಬೇಕೆಂದು ವಿಶ್ವಾಸಿಗಳಿಗೆ ಹೇಳುತ್ತದೆ. ಪ್ರಶ್ನೆ ಕೇಳಿದರೆ ಕೋಪಿಸಿಕೊಳ್ಳುವ, ಇನ್ನೊಬ್ಬರ ಹತ್ತಿರ ಹೇಳಬೇಡ ಎನ್ನುವ, ಈಗಲೇ ತೀರ್ಮಾನ ಮಾಡು ಎಂದು ಕುತ್ತಿಗೆಯ ಮೇಲೆ ಕೂರುವ ಬೋಧಕ ಯಾರೇ ಆಗಲಿ, ಅವರ ಮಾತು ದೇವರದ್ದೆಂದು ಒಪ್ಪಬೇಡಿ. ಔಷಧ ಬಿಡು ಎಂದವರ ಮಾತನ್ನಂತೂ ಕೇಳಲೇಬೇಡಿ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಂಖ್ಯೆ 14416 ಇದೆ, ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯ ಗುರುತಲ್ಲ.

ನಾನು ಹೇಳಿದ್ದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿರುವವರು ಇದ್ದಾರೆ, ಕುಡಿತ ಬಿಟ್ಟವರು. 1935ರಲ್ಲಿ ಅಮೆರಿಕದ ಆ್ಯಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡುವುದರಿಂದ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಬೆಂಗಳೂರಿನ ಎಷ್ಟೋ ಚರ್ಚು, ಶಾಲೆಗಳ ಕೋಣೆಗಳಲ್ಲಿ ನಡೆಯುತ್ತವೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು, ತಾನು ಮಾಡಿದ ತಪ್ಪುಗಳನ್ನು ದೇವರಿಗೂ ತನಗೂ ಜೊತೆಗೆ ಇನ್ನೊಬ್ಬ ಮನುಷ್ಯನಿಗೂ ಒಪ್ಪಿಸುವುದು. ಇನ್ನೊಬ್ಬ ಮನುಷ್ಯ ಎಂಬುದು ಅಲ್ಲಿ ಬಿಡಲಾಗದ ಭಾಗ. ಕುಡಿಯಬೇಕೆಂಬ ಸೆಳೆತ ಬಂದ ರಾತ್ರಿ ಫೋನು ಮಾಡಲು ಒಂದು ನಂಬರು ಇರುತ್ತದೆ. ಇವತ್ತೊಂದು ದಿನ ಮಾತ್ರ ಎಂಬ ಲೆಕ್ಕ ಇರುತ್ತದೆ. ಅನುದಿನದ ಆಹಾರವನ್ನು ಇಂದು ಕೊಡು ಎಂದು ಬೇಡುವ ನಾವು ಇಡೀ ಜನ್ಮದ ಪಾವಿತ್ರ್ಯವನ್ನು ಒಂದೇ ಸಲಕ್ಕೆ ಗೆಲ್ಲಲು ಹೊರಟು ಸೋಲುತ್ತೇವೆ. ಅವರು ಚರ್ಚಿನ ಹಿಂಬದಿಯ ಕೋಣೆಯಲ್ಲಿ ಕೂತು ಒಂದೊಂದು ದಿನವನ್ನು ಗೆಲ್ಲುತ್ತಾರೆ. ಭಾನುವಾರ ಮುಂಬದಿಯಲ್ಲಿ ಕೂರುವ ನಾವು ಒಬ್ಬರಿಗೊಬ್ಬರು "ಚೆನ್ನಾಗಿದ್ದೀರಾ?" "ದೇವರ ದಯೆ" ಎಂದು ಹೇಳಿ ಟೀ ಕುಡಿದು ಮನೆಗೆ ಹೋಗುತ್ತೇವೆ.

ಆದ್ದರಿಂದ ಈ ಭಾಗದ ಸಭೆಗಳಿಗೆ, ಕಥೋಲಿಕರು, ಸಿಎಸ್‌ಐಯವರು, ಮೆಥೊಡಿಸ್ಟರು, ಪೆಂಟೆಕೋಸ್ಟಿನವರು ಎಂಬ ಭೇದವಿಲ್ಲದೆ ಎಲ್ಲರಿಗೂ, ನನ್ನದೊಂದು ಬೇಡಿಕೆ. ಪ್ರತಿ ಸಭೆಯೂ ಇಬ್ಬರನ್ನು ಆರಿಸಲಿ, ಒಬ್ಬ ಹೆಂಗಸು, ಒಬ್ಬ ಗಂಡಸು. ಹುದ್ದೆಗಾಗಿ ಚುನಾವಣೆಗೆ ನಿಂತವರು ಬೇಡ. ಬದುಕಿನಲ್ಲಿ ಎಡವಿ ಎದ್ದವರಾದರೆ ಇನ್ನೂ ಒಳ್ಳೆಯದು. ವಾರಕ್ಕೆ ಒಂದು ಸಂಜೆ ಅವರು ಚರ್ಚಿನ ಕೋಣೆಯಲ್ಲಿ ಕುಳಿತಿರಲಿ, ಬಂದವರ ಮಾತನ್ನು ಕೇಳಲಿ, ಬುದ್ಧಿವಾದ ಹೇಳದಿರಲಿ, ಕೇಳಿದ್ದನ್ನು ಹೆಂಡತಿಗೂ ಗಂಡನಿಗೂ ಸಭಾಪಾಲಕರಿಗೂ ಹೇಳದಿರಲಿ. ಯಾರದಾದರೂ ಜೀವಕ್ಕೋ ಮಗುವಿಗೋ ಅಪಾಯವಿದ್ದರೆ ಮಾತ್ರ ತಕ್ಕವರಿಗೆ ತಿಳಿಸಲಿ. ವೈದ್ಯರ, ವಕೀಲರ ನೆರವು ಬೇಕಾದಾಗ ಯಾರ ಹತ್ತಿರ ಕಳಿಸಬೇಕೆಂಬ ಪಟ್ಟಿ ಅವರ ಕೈಯಲ್ಲಿರಲಿ. ಸತ್ಯಕ್ಕಾಗಿ ಕೆಲಸ ಕಳೆದುಕೊಂಡವರಿಗೆ ಕೆಲವು ತಿಂಗಳ ಬಾಡಿಗೆ ಕಟ್ಟುವಷ್ಟು ನಿಧಿಯೊಂದನ್ನು ಸುಗ್ಗಿ ಹಬ್ಬದ ಕಾಣಿಕೆಯಿಂದ ತೆಗೆದಿಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಮೈಕ್ ಬೇಡ, ಬ್ಯಾನರ್ ಬೇಡ. ಬರುವ ಬೂದಿ ಬುಧವಾರದೊಳಗೆ ಒಂದು ಸಭೆಯಾದರೂ ಇದನ್ನು ಶುರು ಮಾಡಲಿ. ಶುರು ಮಾಡುವ ಸಭೆ ಕರೆದರೆ, ಆ ಕೋಣೆಯಲ್ಲಿ ಕೂರುವವರ ಜೊತೆ ಮಾತಾಡಲು ನಾನು ಬರುತ್ತೇನೆ.